ಕೆಂಪು ದಾರದ ಸೀಸೆ

ನಮ್ಮ ಓಣಿಯಲ್ಲಿ ಬಿಲುವಾನ್ ಅಕ್ಕನ ಕೈಲಿ ಬೈಸಿಕೊಳ್ಳದವರು ಯಾರೂ ಇಲ್ಲ. ತೈನಾನ್ ಊರಿನ ಈ ಓಣಿಯಲ್ಲಿ ನಾನು ಕರಿದ ತೋಫು ಗಾಡಿ ಇಟ್ಟ ಮೊದಲ ವಾರವೇ ಬಂದು, ನನ್ನ ಪ್ಲಾಸ್ಟಿಕ್ ಚೀಲದ ಕಟ್ಟು ಎತ್ತಿ ಹಿಡಿದು, "ಇದನ್ನೆಲ್ಲ ಯಾರ ತಲೆಗೆ ಕಟ್ತೀಯೇ?" ಎಂದು ಕೇಳಿದಳು. ನನಗೂ ಮೂಗಿನ ತುದಿಯಲ್ಲೇ ಕೋಪ. "ನಿನ್ನ ತಲೆಗೇ" ಅಂದೆ. ಆದರೂ ನೋಡನೋಡುತ್ತಾ ನನ್ನ ಗಿರಾಕಿಗಳೆಲ್ಲ ಮನೆಯಿಂದ ಡಬ್ಬಿ ತರತೊಡಗಿದರು. ಅವಳಿಗೆ ಹೆದರಿ ತಂದರು, ಅದು ಬೇರೆ ಮಾತು.

ಈ ಭೂಮಿ ಮತ್ತೆ ಚೆನ್ನಾಗಾಗುತ್ತದೆ ಎಂದು ಅವಳಿಗೆ ಗಟ್ಟಿ ನಂಬಿಕೆ. ಟೀವಿಯಲ್ಲಿ ಸಮುದ್ರ ಏರುತ್ತಿದೆ ಎಂದರೆ, "ಏರ್ಲಿ ಬಿಡಿ, ನಾವೆಲ್ಲ ಸೇರಿ ಇಳಿಸೋಣ" ಅನ್ನುವಳು. ಕಸದ ಲಾರಿ ಹಾಡು ಹಾಕಿಕೊಂಡು ಬಂದಾಗ ನಾವೆಲ್ಲ ಚೀಲ ಹಿಡಿದು ಓಡಿದರೆ, ಅವಳು ಕೈಬೀಸಿಕೊಂಡು ಬಂದು ನಮ್ಮ ಚೀಲಗಳನ್ನು ಹಣಕಿ ನೋಡುವಳು. ಮೊನ್ನೆ ನನ್ನ ಚೀಲದಲ್ಲಿ ಒಣ ಕಸದ ನಡುವೆ ತಂಗಳನ್ನ ಕಂಡು, ಓಣಿ ಕೇಳುವ ಹಾಗೆ ಮಾನ ಕಳೆದಳು.

ನನ್ನ ಬಾಣಲೆಯ ಹಳೇ ಎಣ್ಣೆಯೆಲ್ಲ ಅವಳಿಗೇ. ಮೈ ಸುಡುವ ಕಾಸ್ಟಿಕ್ ಸೋಡಾ ನೀರು ಬೆರೆಸಿ ಅದರಲ್ಲಿ ಸೋಪು ಮಾಡಿ, ಓಣಿಗೆಲ್ಲ ಹಂಚುವಳು. ಒಳ್ಳೇ ಸೋಪು, ಸುಳ್ಳು ಹೇಳಬಾರದು. ಆ ಸೋಡಾ ನೀರನ್ನು ತುಂಬಿಡುತ್ತಿದ್ದದ್ದು ಅಕ್ಕಿ ಸಾರಾಯಿಯ ಖಾಲಿ ಸೀಸೆಯಲ್ಲಿ. ಹೊಸ ಸೀಸೆ ಕೊಳ್ಳುವುದೆಂದರೆ ಅವಳಿಗೆ ಪಾಪದ ಕೆಲಸ. ಗುರುತಿಗೆಂದು ಕುತ್ತಿಗೆಗೆ ಕೆಂಪು ದಾರ ಕಟ್ಟುವಳು. ಕೆಂಪು ಎಂದರೆ ಅಪಾಯ ಎಂದು ಸೋಪಿನ ತರಗತಿಯಲ್ಲಿ ಯಾರೋ ಹೇಳಿಕೊಟ್ಟಿದ್ದರಂತೆ. ನಮ್ಮಲ್ಲಿ ಕೆಂಪು ಎಂದರೆ ಮದುವೆ, ಹಬ್ಬ, ಹೆರಿಗೆ. ಎಡವಟ್ಟು ಎಲ್ಲಿ ಆಯಿತೆಂದು ಇಷ್ಟು ಹೊತ್ತಿಗೆ ನಿಮಗೇ ಹೊಳೆದಿರಬೇಕು.

ಆ ತಿಂಗಳು ಎದುರುಮನೆ ಜಿನ್‌ಶಿಯಾಳ ಸೊಸೆ ರೂಯಿನ್ ಹೆತ್ತಿದ್ದಳು. ಬಾಣಂತಿಗೆ ಕುಡಿಯಲು ಹನಿ ನೀರೂ ಕೊಡದೆ, ಕೋಳಿಯನ್ನು ಎಳ್ಳೆಣ್ಣೆ ಶುಂಠಿಯಲ್ಲಿ ಹುರಿದು, ಅಕ್ಕಿ ಸಾರಾಯಿಯಲ್ಲೇ ಬೇಯಿಸಿ ಕೊಡುವುದು ಪದ್ಧತಿ. ಸೀಸೆಗಟ್ಟಲೆ ಬೇಕು. ಅದಕ್ಕೇ ಓಣಿಯವರೆಲ್ಲ ಸೀಸೆಗೆ ಕೆಂಪು ದಾರ ಕಟ್ಟಿ ಅವರ ಹೊಸ್ತಿಲಲ್ಲಿಟ್ಟು ಬರುತ್ತಿದ್ದೆವು.

ಒಂದು ಮಧ್ಯಾಹ್ನ ನಾನು ಎಣ್ಣೆ ಕೊಡಲು ಹೋದಾಗ ಬಿಲುವಾನ್ ಬಾಗಿಲ ಮೂಲೆಯಲ್ಲಿ ತಡಕಾಡುತ್ತಿದ್ದಳು. ಗಂಡ ಚೆಂಗ್‌ಕುನ್ ಕುರ್ಚಿಯಲ್ಲಿ ತೂಕಡಿಸುತ್ತಿದ್ದ.

"ರೀ, ಇಲ್ಲಿದ್ದ ಸೀಸೆ ಎಲ್ಲಿ?"

"ಕೆಂಪು ದಾರದ್ದಾ? ಬೆಳಗ್ಗೆನೇ ಜಿನ್‌ಶಿಯಾ ಮನೆಗೆ ಕೊಟ್ಟೆ. ನೀನು ಎಲ್ಲಿ ಮರೀತೀಯೋ ಅಂತ."

ಬಿಲುವಾನ್ ಬಾಯಿ ತೆರೆದಳು, ಮಾತು ಹೊರಡಲಿಲ್ಲ. ಅವಳ ಮಾತು ನಿಂತದ್ದನ್ನು ನಾನು ಕಂಡದ್ದು ಅದೇ ಮೊದಲು. ಆಗಲೇ ನನಗೂ ಹೊಳೆದದ್ದು, ಅದು ಸೋಡಾ ನೀರಿನ ಸೀಸೆ ಎಂದು. ಇಬ್ಬರೂ ಚಪ್ಪಲಿ ಮೆಟ್ಟದೆ ಓಡಿದೆವು.

ಜಿನ್‌ಶಿಯಾ ಒಲೆಯ ಮುಂದಿದ್ದಳು. ಹಿಂದೊಮ್ಮೆ ಜ್ವರ ಬಂದಾಗಿನಿಂದ ಅವಳ ಮೂಗಿಗೆ ಯಾವ ವಾಸನೆಯೂ ತಿಳಿಯದು. "ಬನ್ನಿ ಬನ್ನಿ" ಅಂದಳು. "ಇವತ್ತು ಸಾರು ಯಾಕೋ ನೊರೆ ನೊರೆ ಬಂತು ನೋಡಿ. ಕೋಳಿ ಕೊಬ್ಬಿತ್ತೋ ಏನೋ. ಈಗ ತಾನೇ ಅವಳಿಗೆ ಬಟ್ಟಲು ತುಂಬ ಕೊಟ್ಟು ಬಂದೆ."

ಪಾತ್ರೆಗೆ ಬಗ್ಗಿದೆ. ಸಾರಾಯಿಯ ಘಮವಿಲ್ಲ, ಬಟ್ಟೆ ಒಗೆಯುವ ಕಲ್ಲಿನ ಹತ್ತಿರದ ವಾಸನೆ. ಎಳ್ಳೆಣ್ಣೆಗೆ ಸೋಡಾ ಬಿದ್ದು ಸೋಪಾಗುತ್ತಿತ್ತು. ಕೋಳಿಯ ಚರ್ಮ ಕರಗಿ ಲೋಳೆಯಾಗಿತ್ತು. ಚರ್ಮದ ಗತಿ ಹೀಗಾದರೆ ಆ ಹುಡುಗಿಯ ಗಂಟಲಿನ ಗತಿಯೇನು?

ಬಾಣಂತಿ ಕೋಣೆಗೆ ಹೊರಗಿನವರು ಕಾಲಿಡಬಾರದು. ಬಿಲುವಾನ್ ಬಾಗಿಲು ತಳ್ಳಿಕೊಂಡೇ ಹೋದಳು. ರೂಯಿನ್ ಮಗು ಎತ್ತಿಕೊಂಡು ಕೂತಿದ್ದಳು. ಪಕ್ಕದಲ್ಲಿ ಬಟ್ಟಲು, ಖಾಲಿ.

"ಕುಡಿದ್ಯಾ?"

ರೂಯಿನ್ ಬಾಗಿಲಲ್ಲಿ ನಿಂತ ಅತ್ತೆಯನ್ನು ನೋಡಿದಳು. "ಕುಡಿದೆ ದೊಡ್ಡಮ್ಮ. ಒಂದು ಹನಿನೂ ಬಿಡ್ಲಿಲ್ಲ."

ಬಿಲುವಾನ್ ಕುಸಿದು ಮಂಚದ ಕಾಲು ಹಿಡಿದುಕೊಂಡಳು. "ಬಾಯಿ ತೆಗಿ ಮಗಳೇ. ಗಂಟಲು ಉರೀತಿದೆಯಾ? ಅದು ಸಾರಲ್ಲ ಕಣೇ, ನನ್ನ ಸೋಪಿನ ಸೋಡಾ ನೀರು."

ಹುಡುಗಿ ತುಟಿ ಬಿಗಿದುಕೊಂಡಳು. ಮುಖ ಸುಣ್ಣದ ಹಾಗೆ ಬೆಳ್ಳಗಾಯಿತು. ಜಿನ್‌ಶಿಯಾ ಎದೆ ಬಡಿದುಕೊಳ್ಳತೊಡಗಿದಳು, ಮಗು ಕಿರುಚಿತು. ನಾನು ಆಂಬುಲೆನ್ಸಿಗೆ ಫೋನು ಮಾಡಲು ಹೊರಟೆ. "ಹೊಟ್ಟೆಗೆ ನಳಿಕೆ ಹಾಕ್ತಾರೇನೋ" ಎಂದು ನಾನೇ ಹುಚ್ಚಿಯ ಹಾಗೆ ಗೊಣಗಿದೆ.

"ಬೇಡ" ಅಂದಳು ರೂಯಿನ್. ಆಮೇಲೆ ತಲೆ ತಗ್ಗಿಸಿದಳು. "ನಾನು ಕುಡೀಲಿಲ್ಲ. ಬಚ್ಚಲಿಗೆ ಚೆಲ್ಲಿದೆ. ದಿನಾ ಚೆಲ್ತೀನಿ. ಸಾರಾಯಿ ವಾಸನೆಗೆ ವಾಂತಿ ಬರುತ್ತೆ. ಅತ್ತೆಗೆ ಹೇಳೋಕೆ ಭಯ. ನಿಮಗೆ ಗೊತ್ತಾದ್ರೆ ಓಣಿಯೆಲ್ಲ ಕೇಳೋ ಹಾಗೆ ಬೈತೀರ ಅಂತ ಇನ್ನೂ ಭಯ. ಇವತ್ತು ಆ ವಾಸನೆ ಇರ್ಲಿಲ್ಲ, ಒಂದು ಗುಟುಕು ಕುಡಿಯೋಣ ಅಂದ್ಕೊಂಡೆ. ಅಷ್ಟರಲ್ಲಿ ಮಗು ಎದ್ದಿತು, ಅಳು ಕೇಳಿ ಅತ್ತೆ ಬಂದ್ಬಿಡ್ತಾರೆ ಅಂತ ಎಲ್ಲಾ ಚೆಲ್ಲಿಬಿಟ್ಟೆ."

ಬಿಲುವಾನ್ ಎದ್ದು ಬಚ್ಚಲಿಗೆ ಹೋಗಿ, ನೆಲದ ಮೇಲೆ ಅಂಗೈ ಆಡಿಸಿದಳು. ನುಣ್ಣಗೆ ಜಾರಿತು. ಬೆರಳು ಚುರುಗುಟ್ಟಿದರೂ ಕೈ ತೆಗೆಯಲಿಲ್ಲ; ನಾನೇ ರಟ್ಟೆ ಹಿಡಿದು ಎಳೆದು ನೀರು ಸುರಿದೆ.

ಬಿಲುವಾನ್ ಒದ್ದೆ ಕೈಯಲ್ಲೇ ಬಂದು ಆ ಹುಡುಗಿಯ ಪಾದ ಹಿಡಿದಳು. "ಚೆಲ್ಲು ಕಣೇ" ಅಂದಳು. "ನಾಳೆನೂ ಚೆಲ್ಲು. ನಾನೇ ಕೊಟ್ಟಿದ್ದಾದ್ರೂ ಚೆಲ್ಲು. ಯಾರಾದ್ರೂ ಕೇಳಿದ್ರೆ ಬಿಲುವಾನ್ ಹೇಳಿದ್ದು ಅನ್ನು."