ತೊಳೆದ ಪಾತ್ರೆಗಳ ಲೆಕ್ಕ ಕೇಳುವ ಮೇಡಂ

ಹೊರಗಿನ್ನೂ ಬೀದಿದೀಪ ಆರಿಲ್ಲ. ಡಯಾಲಿಸಿಸ್ ವಾರ್ಡಿನಲ್ಲಿ ಮೊದಲ ಪಾಳಿಯ ಯಂತ್ರಗಳು ಆಗಲೇ ಗುಂಯ್‌ಗುಡುತ್ತಿವೆ. ಎರಡು ಬಸ್ಸು ಹತ್ತಿಳಿದು ಬಂದ ಆಹಾರ ತಜ್ಞೆ ಗಾಲಿಯ ಸ್ಟೂಲೊಂದನ್ನು ಕಾಲಲ್ಲೇ ತಳ್ಳಿಕೊಂಡು ಕಿಟಕಿ ಪಕ್ಕದ ಹಾಸಿಗೆಯ ಬಳಿ ಬರುತ್ತಾರೆ. ಅಲ್ಲಿ ಮಲಗಿರುವವರು ಮದುವೆ ಬ್ಯಾಂಡಿನ ಕ್ಲಾರಿನೆಟ್ ವಾದಕರು. ಇಡೀ ವಾರ್ಡಿಗೆ ಅವರು 'ಪೀಪಿ ಮಾವ'.

"ಮಾವ, ನಿನ್ನೆ ರಾತ್ರಿ ಏನೇನು ತೊಳೆದ್ರಿ?"

"ಎರಡು ತಟ್ಟೆ, ಎರಡು ಲೋಟ, ಕುಕ್ಕರು, ಬಾಣಲೆ. ಬಾಣಲೆ ತಳ ಹಿಡಿದಿತ್ತು. ಯಾರ ಕೈವಾಡ ಅಂತ ನಾನು ಹೇಳಲ್ಲಪ್ಪ."

"ಹೇಳಿ, ಹೇಳಿ. ನಾಳೆಯಿಂದ ಅಡುಗೇನೂ ನಿಮ್ಮದೇ," ಎಂದು ಪಕ್ಕದ ಕುರ್ಚಿಯಿಂದ ಹೆಂಡತಿ ಗದರುತ್ತಾರೆ.

ಎದುರು ಹಾಸಿಗೆಯವರಿಗೂ ನಗು ತಡೆಯುವುದಿಲ್ಲ. ಆದರೆ ಮಾವನ ಕಣ್ಣು ಮಾತ್ರ ಬಾಗಿಲ ಮೇಲಿದೆ. ಇವತ್ತು ರಕ್ತಪರೀಕ್ಷೆಯ ವರದಿ ಬರಬೇಕು. ಬ್ಯಾಂಡಿನಲ್ಲಿ ಜತೆಗೇ ಡ್ರಮ್ ಬಾರಿಸುತ್ತಾ ಮುದುಕನಾದ ಗೆಳೆಯನ ಮಗಳಿಗೆ ಈ ವಾರ ಪರವೂರಿನಲ್ಲಿ ಮದುವೆ. "ಪೊಟ್ಯಾಸಿಯಂ ಇಳಿದರೆ ಹೋಗಿ ಬನ್ನಿ, ಇಳಿಯದಿದ್ದರೆ ಊರು ಬಿಡುವಂತಿಲ್ಲ" ಎಂದು ಡಾಕ್ಟರು ಕಡ್ಡಿ ಮುರಿದಂತೆ ಹೇಳಿದ್ದಾರೆ. ಅದು ಏರಿದರೆ ಹೃದಯಕ್ಕೇ ಸಂಚಕಾರ. ಹೋದ ತಿಂಗಳು ಎರಡು ಸಲ ಏರಿತ್ತು.

ಯಂತ್ರ ರಕ್ತ ಶುದ್ಧ ಮಾಡುತ್ತದೆ ನಿಜ. ಆದರೆ ಒಂದು ಡಯಾಲಿಸಿಸ್‌ನಿಂದ ಇನ್ನೊಂದರವರೆಗೆ ಹೊಟ್ಟೆಗೆ ಏನು ಹೋಯಿತು, ಎಷ್ಟು ಹೋಯಿತು ಎನ್ನುವುದನ್ನು ಕಂಡುಹಿಡಿಯಬೇಕಲ್ಲ? ಆ ಕೆಲಸ ಈ ಆಹಾರ ತಜ್ಞೆ ಮೇಡಂ ಅವರದು. ಡಯಾಲಿಸಿಸ್ ಇರುವ ದಿನ, ಇಲ್ಲದ ದಿನ, ರಜೆಯ ದಿನ, ಹೀಗೆ ಮೂರು ಬಗೆಯ ದಿನಗಳ ಊಟವನ್ನು ಒಬ್ಬೊಬ್ಬರಿಂದಲೂ ಕೇಳಿ ತಿಳಿಯುತ್ತಾರೆ. ದಿನಕ್ಕೆ ಹನ್ನೆರಡು ಹದಿಮೂರು ಮಂದಿ. ಕೂರಲು ಸ್ವಂತ ಕೋಣೆಯಿಲ್ಲ, ಆ ಸ್ಟೂಲೇ ಆಫೀಸು.

ಹೊಸದರಲ್ಲಿ ಇವರನ್ನು ಕಂಡರೆ ರೋಗಿಗಳು ಗೊರಕೆ ಹೊಡೆಯುವ ನಾಟಕ ಆಡುತ್ತಿದ್ದರಂತೆ. "ಏನು ತಿಂದ್ರಿ ಅಂದ್ರೆ ಎಲ್ಲರದ್ದೂ ಒಂದೇ ಉತ್ತರ, 'ಏನಿಲ್ಲಮ್ಮ, ಎರಡು ತುತ್ತು.' ಬೇಕು ಅಂತ ಸುಳ್ಳು ಹೇಳೋದಲ್ಲ, ನಾನು ಬೇಜಾರು ಮಾಡ್ಕೋತೀನಿ ಅಂತ. ಅದೇ ಪಾತ್ರೆ ಕೇಳಿ ನೋಡಿ! ತೊಳೆದವರಿಗೆ ಒಂದೊಂದೂ ನೆನಪಿರತ್ತೆ. ಸಿಟ್ಟಿರತ್ತಲ್ಲ!" ಎಂದು ನಗುತ್ತಾರೆ.

ಈ ಉಪಾಯ ಓದಿ ಬಂದದ್ದಲ್ಲ. ಅವರ ತಾಯಿ ಹಾಸ್ಟೆಲೊಂದರ ಅಡುಗೆಮನೆಯಲ್ಲಿ ತಟ್ಟೆ ತೊಳೆಯುತ್ತಿದ್ದರು. ಶಾಲೆ ಬಿಟ್ಟ ಮೇಲೆ ಮಗಳೂ ಲಂಗ ಎತ್ತಿ ಕಟ್ಟಿ ಪಕ್ಕದಲ್ಲೇ ಕೂರುತ್ತಿದ್ದಳು. "ಎಂಜಲು ತಟ್ಟೆ ನೋಡಿನೇ ಅಮ್ಮ ಹೇಳೋಳು, ಇವತ್ತು ಒಂದು ಹುಡುಗಿಗೆ ಜ್ವರ, ಇನ್ನೊಬ್ಬಳಿಗೆ ಪ್ರೇಮ ಅಂತ. ಎರಡೂ ನಿಜ ಆಗ್ತಿತ್ತು!"

ಬೇಡ ಬೇಡ ಎನ್ನುವುದಷ್ಟೇ ಇವರ ಕೆಲಸ ಎಂದುಕೊಂಡರೆ ತಪ್ಪು. ಮೂಲೆಯ ಹಾಸಿಗೆಯ ಟೀಚರಮ್ಮ ಹೆದರಿ ಹೆದರಿ ಉಪವಾಸ ಬಿದ್ದು ಕಡ್ಡಿಯಾಗಿದ್ದರು. ಮನೆಯಲ್ಲಿ ಅವರ ತಟ್ಟೆಗೆ ಜಿಡ್ಡೇ ಅಂಟುತ್ತಿಲ್ಲ ಎಂದು ಸೊಸೆಯಿಂದ ತಿಳಿದದ್ದೇ ತಡ, ಮೇಡಂ ಮೊಟ್ಟೆ ತಿನ್ನಿಸಲು ಶುರುಮಾಡಿದರು. ಈಗ ಟೀಚರಮ್ಮನಿಗೆ ವಾರ್ಡನ್ನೆಲ್ಲ ಗದರಿಸುವಷ್ಟು ಗಟ್ಟಿ ಗಂಟಲು ಮರಳಿದೆ.

ಪೀಪಿ ಮಾವನ ಗುಟ್ಟು ರಟ್ಟಾದದ್ದೂ ಹೀಗೆಯೇ, ಎರಡು ವಾರದ ಹಿಂದೆ. ಹಣ್ಣು ಬಿಟ್ಟಿದ್ದರು, ತರಕಾರಿ ಬೇಯಿಸಿ ನೀರು ಬಸಿದೇ ತಿನ್ನುತ್ತಿದ್ದರು. ಆದರೂ ಪೊಟ್ಯಾಸಿಯಂ ಜಗ್ಗಿರಲಿಲ್ಲ. ಅವತ್ತು ಅವರು ಒಪ್ಪಿಸಿದ ಪಾತ್ರೆಗಳ ಸಾಲಿನಲ್ಲಿ ಒಂದು ಬಟ್ಟಲು ಹೆಚ್ಚಿಗೆ ಬಂತು.

"ಯಾವ ಬಟ್ಟಲು ಮಾವ? ಊಟದಲ್ಲಿ ಬಟ್ಟಲಿಗೆ ಹಾಕೋವಂಥದ್ದು ಏನೂ ಹೇಳ್ಲಿಲ್ವಲ್ಲ?"

ಮಾವ ಹೆಂಡತಿಯ ಮುಖ ನೋಡಿದರು. "ಅಯ್ಯೋ, ಅದು ಊಟ ಅಲ್ಲಮ್ಮ," ಎಂದರು ಆಕೆ. "ನೀನು ಬಸಿ ಅಂದ ನೀರು. ಸತ್ವ ಎಲ್ಲ ಅದರಲ್ಲೇ ತಾನೇ ಇರೋದು? ಚೆಲ್ಲೋಕೆ ಕರುಳು ಕಿತ್ತು ಬಂದಂಗಾಗ್ತಿತ್ತು. ಚೂರು ಮೆಣಸು ಹಾಕಿ ಕುಡಿಸ್ತಿದ್ದೆ."

"ಅತ್ತೇ! ಕಳ್ಳನ್ನ ಬಾಗಿಲಿಂದ ಆಚೆ ದಬ್ಬಿ, ಕಿಟಕಿಯಿಂದ ಕರೆದು ಉಪಚಾರ ಮಾಡಿದ್ದೀರಲ್ಲ! ಪೊಟ್ಯಾಸಿಯಂ ಇಳಿದು ಸೇರ್ಕೊಳ್ಳೋದೇ ಆ ನೀರಿಗೆ."

ಆಕೆಯ ಕಣ್ಣು ತುಂಬಿತು. "ಹಾಗಾದ್ರೆ ನಾನೇ ಇವರಿಗೆ..."

"ತಪ್ಪು ನಂದು. ಬಸೀರಿ ಅಂದೆ, ಯಾಕೆ ಅಂತ ಹೇಳ್ಲೇ ಇಲ್ಲ. ಇನ್ಮೇಲೆ ಆರಿಸಿ ಗಿಡಕ್ಕೆ ಹಾಕಿ. ಅದಕ್ಕೇನು ಕಿಡ್ನಿ ಇದ್ಯಾ?"

ಅಳುತ್ತಿದ್ದಾಕೆ ಕಿಸಕ್ಕೆಂದರು. ಅಂದಿನಿಂದ ಯಾರಿಗೇ ಆಗಲಿ, 'ಬಸಿದು ಚೆಲ್ಲಿ' ಎಂದು ಹೇಳಿ, ಅದರ ಕಾರಣವನ್ನು ಅವರ ಬಾಯಲ್ಲೇ ಹೇಳಿಸುವುದು ಮೇಡಂ ಪದ್ಧತಿ.

ಬಿಸಿಲು ಕಿಟಕಿ ದಾಟಿ ಹಾಸಿಗೆ ಮುಟ್ಟುವ ಹೊತ್ತಿಗೆ ಡಾಕ್ಟರು ಬರುತ್ತಾರೆ. ವರದಿಯನ್ನು ಮೇಡಂ ಕೈಗೆ ಕೊಟ್ಟು, "ನೀವೇ ಹೇಳಿ, ನಿಮ್ಮ ಬೇಟೆ," ಎನ್ನುತ್ತಾರೆ.

"ಇಳಿದಿದೆ ಮಾವ. ಪೆಟ್ಟಿಗೆ ಕಟ್ಟಿ!"

ಟೀಚರಮ್ಮನ ಚಪ್ಪಾಳೆಯೇ ಮೊದಲು. ಮಾವ ಸೂಜಿ ಚುಚ್ಚಿರದ ಕೈಯ ಬೆರಳುಗಳನ್ನು ಹೊದಿಕೆಯ ಮೇಲೆ ಆಡಿಸಿ, ಆಗಲೇ ಮದುವೆಮನೆಯಲ್ಲಿ ಊದತೊಡಗಿದ್ದಾರೆ. ಹೆಂಡತಿ ಸೆರಗಲ್ಲಿ ಮುಖ ಒರೆಸಿಕೊಂಡು, "ಮದುವೆ ಮುಗಿಸಿ ಬಂದ ಮೇಲೆ ನಮ್ಮನೆಗೆ ಊಟಕ್ಕೆ ಬರಬೇಕು ಕಣಮ್ಮ," ಎನ್ನುತ್ತಾರೆ.

"ಖಂಡಿತ ಅತ್ತೆ. ಎಲ್ಲರ ಊಟ ಕೇಳಿದ್ದೇ ಆಯ್ತು, ಯಾರ ಮನೇಲೂ ಉಂಡಿಲ್ಲ. ಅದೊಂದು ಆಸೆ ನಂಗೂ ಇದೆ. ಆದ್ರೆ ನನ್ನ ತಟ್ಟೆ ನಾನೇ ತೊಳೀತೀನಿ."

"ಅದಾಗಲ್ಲ," ಎಂದು ಮಾವ ಮಲಗಿದಲ್ಲಿಂದಲೇ ತಡೆಯುತ್ತಾರೆ. "ತಟ್ಟೆ ನಾನೇ ತೊಳೀಬೇಕು. ಇಲ್ಲದಿದ್ರೆ ನೀನು ಹೊಟ್ಟೆ ತುಂಬ ಉಂಡ್ಯೋ ಇಲ್ವೋ ಅಂತ ನಂಗೆ ಹೇಗಮ್ಮ ಗೊತ್ತಾಗಬೇಕು?"