ದೇಚುವಿಗೆಂದು ಆರಿಸಿದ ಕೋವಿ

ಇದು 2014ನೇ ಇಸವಿಯ ಸೆಪ್ಟೆಂಬರ್ ತಿಂಗಳ ಮಾತು. ಮೊಮ್ಮಗಳು ದೇಚುವಿಗೆ ಜಿಂಕೆ ಹೊಡೆಯುವ ಕೋವಿ ಕೊಡಿಸಲು ಹೋಗಿದ್ದೆವು ಎಂದು ನಮ್ಮ ಮನೆಯಲ್ಲಿ ಇವತ್ತಿಗೂ ಹೇಳುತ್ತಾರೆ. ಅದು ಸುಳ್ಳು. ಕೋವಿ ಬೇಕಾಗಿದ್ದದ್ದು ನನ್ನ ಅಣ್ಣನಿಗೆ. ಬಾಯಿಬಿಟ್ಟು ಹೇಳಲು ಅವನಿಗೆ ನಾಚಿಕೆ, ಅದಕ್ಕೆ ಮಗುವಿನ ಹೆಸರು ಹೇಳಿದ. ಅಣ್ಣ ಹೋಗಿ ಈಗ ಕೆಲವು ವರ್ಷಗಳಾದವು. ಇನ್ನು ಬರೆದರೆ ಅವನು ಜಗಳಕ್ಕೆ ಬರುವುದಿಲ್ಲ.

ನಾವು ಕೊಡಗಿನವರು. ಗಂಡ ತೀರಿಕೊಂಡ ಮೇಲೆ ಮಗಳು ಸೀತಾ ನನ್ನನ್ನು ಲಂಡನ್ನಿಗೆ, ಕಿಂಗ್ಸ್‌ಬರಿಯ ತನ್ನ ಮನೆಗೆ ಕರೆಸಿಕೊಂಡಳು. ಅವಳು ನರ್ಸ್. ಅಳಿಯ ಮೈಸೂರಿನವನು, ಹಾಗಾಗಿ ಮನೆಯಲ್ಲಿ ಎಲ್ಲರದೂ ಕನ್ನಡ. ದೇಚು ಅವರ ಒಬ್ಬಳೇ ಮಗಳು. ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಾಳೆ. ನನಗೆ ಅಷ್ಟು ಇಂಗ್ಲಿಷ್ ಬಾರದೆಂದು ನನ್ನ ಹತ್ತಿರ ಮಾತ್ರ ಎರಡನ್ನೂ ಕಲಸಿ ಮಾತಾಡುತ್ತಾಳೆ.

ಅಣ್ಣ ಕುಶಾಲಪ್ಪ ನನಗಿಂತ ಐದು ವರ್ಷ ದೊಡ್ಡವನು. ಹುಡುಗನಾಗಿದ್ದಾಗಲೇ ಈ ದೇಶಕ್ಕೆ ಬಂದು, ಎಲೆಕ್ಟ್ರಿಕ್ ಸಾಮಾನಿನ ಅಂಗಡಿ ನಡೆಸಿ, ಸ್ಟ್ಯಾನ್ಮೋರಿನಲ್ಲಿ ಮನೆ ಮಾಡಿಕೊಂಡಿದ್ದ. ಅತ್ತಿಗೆ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಅವನಿಗೆ ಉಳಿದದ್ದು ಒಂದೇ ಹುಚ್ಚು. ಊರಾಚೆ ಒಬ್ಬ ರೈತನ ಗೋಧಿಯನ್ನು ಜಿಂಕೆಗಳು ಮೇಯುತ್ತಿದ್ದವು, ಅವುಗಳನ್ನು ಹೊಡೆಯಲು ಇವನಿಗೆ ಒಪ್ಪಿಗೆ ಇತ್ತು. ಚಳಿಗಾಲದಲ್ಲಿ ಶನಿವಾರ ಬೆಳಿಗ್ಗೆ ಹೋಗಿ ಮಾಂಸ ತರುತ್ತಿದ್ದ. ನಾನು ನಮ್ಮ ಕೊಡಗಿನ ಹುಳಿ ಕಾಚಂಪುಳಿ ಹಾಕಿ ಬೇಯಿಸುತ್ತಿದ್ದೆ. ಅಳಿಯ ಮೂಗು ಮುಚ್ಚಿಕೊಂಡು ಕಿಟಕಿಗಳನ್ನೆಲ್ಲ ತೆರೆಯುತ್ತಿದ್ದ.

ದೇಚು ಎಂಟು ವರ್ಷದವಳಿದ್ದಾಗಿನಿಂದ ದುರ್ಬೀನು ಹಿಡಿದು, ತಾನು ಅಜ್ಜ ಎಂದು ಕರೆಯುವ ಅಣ್ಣನ ಹಿಂದೆ ಆ ಹೊಲದ ಅಂಚಿನ ಕಾಡಿಗೆ ಹೋಗುತ್ತಿದ್ದಳು. ಅವನ ಹೆಜ್ಜೆಯ ಮೇಲೇ ಹೆಜ್ಜೆ ಇಡುತ್ತಾಳೆ, ಒಣಗಿದ ಎಲೆ ಕೂಡ ಸದ್ದು ಮಾಡುವುದಿಲ್ಲ ಎಂದು ಅಣ್ಣ ಎಲ್ಲರ ಹತ್ತಿರ ಹೇಳಿಕೊಂಡು ಬರುತ್ತಿದ್ದ. ಆದರೆ ಇಲ್ಲಿಯ ಕಾನೂನಿನಲ್ಲಿ ಹದಿನಾಲ್ಕು ತುಂಬದೆ ಅಂಥ ಕೋವಿಗೆ ಲೈಸೆನ್ಸ್ ಇಲ್ಲ. ಆ ವರ್ಷ ಅವಳಿಗೆ ಹದಿನಾಲ್ಕು ತುಂಬಿತು. ಅಪ್ಪನಿಂದ ಸಹಿ ಹಾಕಿಸಿ, ಪೊಲೀಸರು ಮನೆಗೆ ಬಂದು ವಿಚಾರಿಸಿ, ಲೈಸೆನ್ಸೂ ಬಂತು. ಹುಡುಗಿ ಮಾತ್ರ ನೋಡಲು ಹತ್ತು ವರ್ಷದವಳ ಹಾಗೆ. ತೋಳು ಹುರಳಿಕಾಯಿ.

ನನ್ನ ಹೆದರಿಕೆ ಇದ್ದದ್ದು ಅಲ್ಲಿಯೇ. ಕೋವಿ ಹೊಡೆದಾಗ ಹಿಂದಕ್ಕೆ ಒದೆಯುತ್ತದೆ. ಚಿಕ್ಕ ಮಗುವನ್ನು ಮೊದಲ ಸಲವೇ ಜೋರಾಗಿ ಒದ್ದುಬಿಟ್ಟರೆ ಮುಗಿಯಿತು, ಆಮೇಲೆ ಅದು ಗುರಿ ನೋಡುವುದಿಲ್ಲ, ಒದೆತವನ್ನೇ ಕಾಯುತ್ತದೆ. ನನಗೆ ಆದದ್ದು ಹಾಗೆಯೇ. ನಮ್ಮ ಕಡೆ ಕೈಲ್‌ಪೊಳ್ದ್ ಹಬ್ಬದ ದಿನ ಮನೆಯ ಕೋವಿಗಳಿಗೆ ಹೂವಿಟ್ಟು ಪೂಜೆ ಮಾಡಿ, ಊಟವಾದ ಮೇಲೆ ಬಯಲಿಗೆ ಹೋಗಿ ತೆಂಗಿನಕಾಯಿಗೆ ಗುರಿ ಹಿಡಿಯುತ್ತಾರೆ. ನನಗೆ ಒಂಬತ್ತು ವರ್ಷವಿದ್ದಾಗ ಅಪ್ಪ ತಮ್ಮ ಜೋಡುನಳಿಗೆ ಕೋವಿಯನ್ನೇ ನನ್ನ ಕೈಗೆ ಕೊಟ್ಟರು. ಒಂದು ಗುಂಡು ಹೊಡೆದದ್ದೇ ಹುಲ್ಲಿನ ಮೇಲೆ ಅಂಗಾತ ಬಿದ್ದೆ. ಎಲ್ಲರೂ ನಕ್ಕರು. ಎರಡನೆಯ ಸಲ ಅಣ್ಣ ಹಿಂದೆ ಬಂದು ನಿಂತು, ಕೋವಿಯ ಹಿಂಭಾಗದ ಮರಕ್ಕೂ ನನ್ನ ಭುಜಕ್ಕೂ ನಡುವೆ ತನ್ನ ಅಂಗೈ ಇಟ್ಟ. ಒದೆತವೆಲ್ಲ ಅವನ ಕೈಗೆ ಬಿತ್ತು. ಕಾಯಿಯೇನೂ ಒಡೆಯಲಿಲ್ಲ. ಆಮೇಲೆ ನಾನು ಕೋವಿ ಮುಟ್ಟಲೂ ಇಲ್ಲ.

“ಇವಳಿಗೆ ನಿನ್ನ ಕೋವಿ ಕೊಟ್ಟೆಯೋ, ನಿನ್ನ ಮನೆ ಮೆಟ್ಟಿಲು ಹತ್ತಲ್ಲ,” ಎಂದು ಅಣ್ಣನಿಗೆ ಮೊದಲೇ ಹೇಳಿದ್ದೆ.

“ನನ್ನದು ಯಾರು ಕೊಡ್ತಾರೆ? ಒದೆಯದೇ ಇರೋದು ಒಂದು ನೋಡೋಣ. ನೀನೂ ಬಾ, ನಿನ್ನ ಭುಜಕ್ಕೂ ಅಳತೆ ತೆಗೆಸ್ತೀನಿ,” ಅಂದ.

ಲಂಡನ್ನಿನ ಉತ್ತರದ ಅಂಚಿನಲ್ಲಿ, ಮನೆಗಳು ಮುಗಿದು ಹೊಲ ಶುರುವಾಗುವ ಕಡೆ, ಒಂದು ಕೋವಿ ಅಂಗಡಿ. ಹಿಂದುಗಡೆ ಮಣ್ಣಿನ ದಿಬ್ಬ ಕಟ್ಟಿದ ಉದ್ದನೆಯ ಜಾಗ, ಅಲ್ಲಿ ಹೊಡೆದು ನೋಡಬಹುದು. ಅಣ್ಣನ ಕಾರಿನಲ್ಲಿ ಮೂವರೂ ಹೋದೆವು. ಎಣ್ಣೆ ಹಾಕಿಸಲು ತನ್ನ ಕೋವಿಯನ್ನೂ ಕಾರಿನಲ್ಲಿ ತಂದಿದ್ದೇನೆಂದು ಅವನು ಒಳಗೆ ಹೋದಕೂಡಲೇ ಹೇಳಿದ. ಅಂಗಡಿಯವನು ಎತ್ತರದ ಬಿಳಿಯ, ಕೆಂಪು ಕೆನ್ನೆಯವನು. ಹುಡುಗಿಯನ್ನು ಅವಳ ಹೆಸರು ಹಿಡಿದೇ ಮಾತಾಡಿಸಿದ, ನಮಗಿಂತ ಅವಳಿಗೇ ಹೆಚ್ಚು ಮರ್ಯಾದೆ ಕೊಟ್ಟ.

ಮೊದಲು ಕೊಟ್ಟ ಕೋವಿಯ ಮರ ಉದ್ದವಾಯಿತು, ದೇಚುವಿನ ಕೈ ಟ್ರಿಗರಿಗೆ ಎಟುಕಲಿಲ್ಲ. ಎರಡನೆಯದು ಹೂವಿನಷ್ಟು ಹಗುರ. ನಾನು ಇದೇ ಇರಲಿ ಅಂದೆ. ಅಣ್ಣ ತಲೆಯಾಡಿಸಿದ. “ಹಗುರ ಆದಷ್ಟೂ ಜಾಸ್ತಿ ಒದೆಯುತ್ತೆ ಕಣೆ. ಕೋವಿಗೇ ತೂಕ ಇದ್ರೆ ಅರ್ಧ ಒದೆತ ಅದೇ ನುಂಗುತ್ತೆ.” ಮೂರನೆಯದು ಸರಿಹೋಯಿತು. ಮರ ಗಿಡ್ಡ, ಆದರೆ ಕೈಗೆ ಸ್ವಲ್ಪ ಭಾರ. ಭುಜಕ್ಕೆ ತಾಗುವಲ್ಲಿ ದಪ್ಪ ರಬ್ಬರು. ನಳಿಗೆಯ ತುದಿಗೆ ಸದ್ದು ತಗ್ಗಿಸುವ ಕೊಳವೆ, ಅದರಿಂದ ಒದೆತವೂ ತಗ್ಗುತ್ತದಂತೆ. ಟೂ-ಫೋರ್-ತ್ರೀ ಎಂದು ಅದರ ತೋಟಾದ ಹೆಸರು. ಇದಕ್ಕಿಂತ ಚಿಕ್ಕ ತೋಟಾದಲ್ಲಿ ದೊಡ್ಡ ಜಿಂಕೆಯನ್ನು ಹೊಡೆಯಲು ಇಲ್ಲಿ ಕಾನೂನು ಬಿಡುವುದಿಲ್ಲ ಎಂದು ಅಣ್ಣ ನನಗೆ ಹೇಳಿದ.

ಹೊಡೆದು ನೋಡಲು ಹಿಂದುಗಡೆ ಹೋದೆವು. ಅಂಗಡಿಯವನು ಕೋವಿ ತೆರೆದು, ಒಳಗೆ ತೋಟಾ ಇಲ್ಲವೆಂದು ತೋರಿಸಿ ಅಣ್ಣನ ಕೈಗೆ ಕೊಟ್ಟ. ಅಣ್ಣ ಅದನ್ನು ಕಣ್ಣಿಗೊತ್ತಿಕೊಂಡು ಎರಡೂ ಕೈಯಲ್ಲಿ ದೇಚುವಿಗೆ ಕೊಟ್ಟ. ನಮ್ಮಲ್ಲಿ ಹಿರಿಯರ ಕೈಯಿಂದ ಮೊದಲ ಸಲ ಕೋವಿ ತೆಗೆದುಕೊಂಡರೆ ಅವರ ಕಾಲು ಮುಟ್ಟಬೇಕು.

“ಕಾಲು ಮುಟ್ಟು,” ಅಂದೆ ನಾನು.

ಒಳ್ಳೆಯ ಹುಡುಗಿ. ಕೋವಿಯನ್ನು ಎಡಗೈಯಲ್ಲಿ ಹಿಡಿದು ಅಜ್ಜನ ಕಾಲಿಗೆ ಬಗ್ಗಿದಳು. ಬಗ್ಗುವಾಗ ನಳಿಗೆ ಪಕ್ಕಕ್ಕೆ ತಿರುಗಿ, ಅಂಗಡಿಯವನ ಹೊಟ್ಟೆಗೆ ನೇರವಾಗಿ ನಿಂತಿತು.

ಅವನು ಒಂದೇ ಸಲ ಸ್ಟಾಪ್ ಎಂದ. ನಳಿಗೆಯನ್ನು ಹಿಡಿದು ನೆಲಕ್ಕೆ ತಿರುಗಿಸಿ, ಕೋವಿಯನ್ನು ಅವಳ ಕೈಯಿಂದ ಬಿಡಿಸಿಕೊಂಡ. ದೇಚುವಿನ ಮುಖ ಬಿಳಿಚಿಕೊಂಡಿತು. ಆಮೇಲೆ ಅವನು ಅಣ್ಣನ ಕಡೆ ತಿರುಗಿ ಮೆಲ್ಲಗೆ ಮಾತಾಡಿದ. ಕೂಗಾಡಿದ್ದರೆ ಇಷ್ಟು ಹೆದರಿಕೆಯಾಗುತ್ತಿರಲಿಲ್ಲ.

“ಏನಂತೆ?” ಎಂದು ದೇಚುವನ್ನು ಕೇಳಿದೆ.

“ಅಜ್ಜನೇ ನನಗೆ ರೆಸ್ಪಾನ್ಸಿಬಲ್ ಅಂತೆ. ಅಜ್ಜನ ಮುಂದೆನೇ ಹೀಗಾದ್ರೆ ಕಾಡಲ್ಲಿ ಏನು ಗತಿ ಅಂತೆ. ಪೊಲೀಸರಿಗೆ ಹೇಳಬೇಕಾಗುತ್ತೆ ಅಂತ. ಅಜ್ಜಂದೂ ಲೈಸೆನ್ಸ್ ಹೋಗಬಹುದು, ಅಜ್ಜಿ.”

ಅಣ್ಣ ನಮ್ಮ ಪದ್ಧತಿಯನ್ನು ವಿವರಿಸಿದ. ಅಂಗಡಿಯವನು ಕೇಳಿಸಿಕೊಂಡ, ನಗಲಿಲ್ಲ. ಕೊನೆಗೆ, ನಿಮ್ಮ ಕೋವಿ ಕಾರಿನಲ್ಲಿ ಇದೆಯಲ್ಲ, ಅದನ್ನು ತಂದು ನನ್ನ ಮುಂದೆ ಹೊಡೆದು ತೋರಿಸಿ, ನೀವು ಹೇಗೆ ಹಿಡಿಯುತ್ತೀರಿ ನೋಡುತ್ತೇನೆ, ಆಮೇಲೆ ಮುಂದಿನ ಮಾತು ಅಂದನೆಂದು ದೇಚು ಹೇಳಿದಳು.

ಇದೇನು ದೊಡ್ಡ ವಿಷಯ ಅಂದುಕೊಂಡೆ ನಾನು. ಅಣ್ಣನ ಗುರಿಯ ಬಗ್ಗೆ ನಮ್ಮ ಕಡೆ ಈಗಲೂ ಮಾತಾಡುತ್ತಾರೆ. ಆದರೆ ಕಾರಿನಿಂದ ಕೋವಿ ತರಲು ಅವನು ಬಹಳ ಹೊತ್ತು ಮಾಡಿದ. ಗುರಿ ಹಿಡಿಯುವ ಮೇಜಿನ ಮುಂದೆ ಕೂತು, ಭುಜಕ್ಕೆ ಇಟ್ಟು, ತೆಗೆದು, ಮತ್ತೆ ಇಟ್ಟ. ಮೊದಲ ಗುಂಡು ಮಣ್ಣಿನ ದಿಬ್ಬಕ್ಕೆ ಹೋಯಿತು. ಎರಡನೆಯದೂ ಗುರಿಯ ಕಾಗದದ ಹತ್ತಿರ ಸುಳಿಯಲಿಲ್ಲ. ಮೂರನೆಯದು ಹೊಡೆಯಲಿಲ್ಲ. ಕೋವಿಯ ಮೇಲೆ ಕೈ ಇಟ್ಟುಕೊಂಡು ಸುಮ್ಮನೆ ಕೂತ. ಹಣೆಯ ಮೇಲೆ ಬೆವರು. ಹೊರಗೆ ಸ್ವೆಟರ್ ಹಾಕುವಷ್ಟು ಚಳಿ.

“ಅಜ್ಜ,” ಅಂದಳು ದೇಚು, “ಯು ಕ್ಲೋಸ್ ಯುವರ್ ಐಸ್. ಹೊಡೆಯೋಕೆ ಮುಂಚೆನೇ ಕಣ್ಣು ಮುಚ್ತೀರಾ.”

ಒಂಬತ್ತು ವರ್ಷದವಳಿದ್ದಾಗ ನಾನು ಹಾಗೆಯೇ ಕಣ್ಣು ಮುಚ್ಚಿದ್ದೆ. ಅಣ್ಣ ಬಲಗೈಯಿಂದ ಕೋಟಿನ ಗುಂಡಿ ಹಾಕಿಕೊಳ್ಳಲು ಹೋಗಿ, ಆಗದೆ, ಎಡಗೈಯಿಂದ ಹಾಕಿಕೊಂಡ. ಆಗ ನನಗೆ ತಿಳಿಯಿತು. ಒದೆತ ತಡೆಯಲಾರದ ಭುಜ ಮಗುವಿನದಲ್ಲ.

“ಇದರಲ್ಲಿ ಹೊಡೀರಿ. ನಂದರಲ್ಲಿ,” ಎಂದು ದೇಚು ಮೂರನೆಯ ಕೋವಿಯ ಕಡೆ ತೋರಿಸಿದಳು. ಈ ಸಲ ಮುಟ್ಟಲು ಹೋಗಲಿಲ್ಲ.

“ಅದು ಮಕ್ಕಳ ಕೋವಿ,” ಅಂದ ಅಣ್ಣ.

“ಮಕ್ಕಳದೋ ಮುದುಕರದೋ ಜಿಂಕೆಗೇನು ಗೊತ್ತಾಗುತ್ತೆ? ತಗೊಂಡು ಹೊಡಿ. ಇಲ್ಲಾ ಇಬ್ಬರ ಲೈಸೆನ್ಸೂ ಅವನ ಕೈಗೆ ಕೊಟ್ಟು ಮನೆಗೆ ನಡಿ,” ಅಂದೆ.

ಅವನು ನನ್ನನ್ನು ದುರುಗುಟ್ಟಿ ನೋಡಿದ. ಚಿಕ್ಕಂದಿನಿಂದ ನಾನು ಆ ನೋಟಕ್ಕೆ ಹೆದರಿದವಳಲ್ಲ. ದೇಚು ಅಂಗಡಿಯವನಿಗೆ ಏನೋ ಹೇಳಿದಳು. ಅವನು ಆ ಕೋವಿಯ ಗಿಡ್ಡ ಮರಕ್ಕೆ ಹಿಂದಿನಿಂದ ಎರಡು ಪಟ್ಟಿ ಜೋಡಿಸಿ ಉದ್ದ ಮಾಡಿ, ಅಣ್ಣನ ಮುಂದೆ ಇಟ್ಟ.

ಮೊದಲ ಗುಂಡು ಕಾಗದದ ಅಂಚಿಗೆ ಬಿತ್ತು. ಹೊಡೆದ ಮೇಲೆ ಅಣ್ಣ ಭುಜ ಮುಟ್ಟಿ ನೋಡಿಕೊಂಡ, ಇನ್ನೂ ಅಲ್ಲಿಯೇ ಇದೆಯೋ ಎಂಬ ಹಾಗೆ. ಎರಡನೆಯದು ನಡುವೆ. ಮೂರನೆಯದು ಅದರ ಮಗ್ಗುಲಿಗೆ. ನಾಲ್ಕನೆಯದು ಎಲ್ಲಿ ಹೋಯಿತೆಂದು ನಾನು ಹುಡುಕುತ್ತಿದ್ದರೆ, ಮೂರನೆಯದರ ತೂತಿನಲ್ಲೇ ಹೋಗಿದೆ ಎಂದು ದೇಚು ದುರ್ಬೀನು ಕೊಟ್ಟು ತೋರಿಸಿದಳು. ಅಣ್ಣ ಕೋವಿ ತೆರೆದು, ಖಾಲಿ ಇದೆಯೆಂದು ಅಂಗಡಿಯವನಿಗೆ ತೋರಿಸಿ, ನಳಿಗೆ ದಿಬ್ಬದ ಕಡೆಗೇ ಇಟ್ಟು ಎದ್ದ. ಹಿಂದಿನ ಅಣ್ಣನೇ.

ಅಂಗಡಿಯವನು ಕಾಗದವನ್ನು ಬಿಚ್ಚಿ ತಂದು ಬಹಳ ಹೊತ್ತು ನೋಡಿದ. ನಿಮ್ಮ ದೊಡ್ಡ ಕೋವಿಯನ್ನು ಇನ್ನು ಕಾಡಿಗೆ ಒಯ್ಯುವುದಿಲ್ಲ ಎಂದು ಮಾತು ಕೊಡುತ್ತೀರಾ ಎಂದು ಕೇಳಿದ. ಅಣ್ಣ ಎಸ್ ಅಂದ. ಆಮೇಲೆ ಅವನು ದೇಚುವನ್ನು ಕೂರಿಸಿಕೊಂಡು, ಕೋವಿ ಕೈಯಲ್ಲಿದ್ದಾಗ ದೇವರೇ ಎದುರಿಗೆ ಬಂದರೂ ಬಗ್ಗಬಾರದು ಎಂದು ಹೇಳಿಕೊಟ್ಟ. ಪಟ್ಟಿ ತೆಗೆದು ಮರ ಗಿಡ್ಡ ಮಾಡಿದ. ಹುಡುಗಿ ಹೊಡೆದಳು. ಭುಜ ಸ್ವಲ್ಪ ಅಲುಗಿತು, ಅಷ್ಟೇ. ಕಣ್ಣು ತೆರೆದೇ ಇತ್ತು. ನಾನು ಅದನ್ನೇ ನೋಡುತ್ತಿದ್ದೆ. “ಎಗೇನ್?” ಎಂದು ಕೇಳಿದಳು. ಪೊಲೀಸರ ಮಾತನ್ನು ಅಂಗಡಿಯವನು ಮತ್ತೆ ಎತ್ತಲಿಲ್ಲ.

ಅದೇ ಕೋವಿಯನ್ನು ತೆಗೆದುಕೊಂಡೆವು. ವಾಪಸು ಬರುವಾಗ ದೇಚು ಹಿಂದಿನ ಸೀಟಿನಲ್ಲಿ ನಿದ್ದೆ ಹೋದಳು. ಅವಳು ಮಲಗಿದ ಮೇಲೆ ಅಣ್ಣ ಕೊಡವ ಭಾಷೆಯಲ್ಲಿ ಶುರುಮಾಡಿದ. ಭುಜ ಹೋಗಿ ಎರಡು ವರ್ಷವಾಗಿತ್ತಂತೆ. ಹಿಂದಿನ ಚಳಿಗಾಲ ಒಂದು ಹೆಣ್ಣು ಜಿಂಕೆಗೆ ಗುಂಡು ಎದೆಗೆ ಬೀಳುವ ಬದಲು ಹೊಟ್ಟೆಗೆ ಬಿದ್ದು, ಅದು ಓಡಿ, ರೈತನ ನಾಯಿ ಕರೆದುಕೊಂಡು ಸಂಜೆವರೆಗೂ ಹುಡುಕಿದನಂತೆ. ಸಿಕ್ಕಾಗ ಇನ್ನೂ ಜೀವ ಇತ್ತಂತೆ. ನಮ್ಮ ಅಪ್ಪನ ಮಗ ಹೀಗೆ ಹೊಡೆದ ಎಂದು ಯಾರ ಹತ್ತಿರ ಹೇಳಲಿ ಅಂದ.

“ಹುಡುಗಿ ಕೈಯಲ್ಲಿ ಕೋವಿ ಕೊಟ್ಟು, ನಾನು ಪಕ್ಕದಲ್ಲಿ ನಿಂತ್ರೆ ಸಾಕು ಅಂದ್ಕೊಂಡೆ. ಕಾಡು ಬಿಡೋಕೆ ಆಗಲ್ಲ ಕಣೆ,” ಅಂದ.

“ಕಾಡು ಯಾರು ಬಿಡು ಅಂದ್ರು? ನೋವು ಅಂತ ಹೇಳೋಕೆ ನಿನ್ನ ಬಾಯಿಗೇನಾಗಿತ್ತು?”

“ನಿನಗೆ ಹೇಳಿದ್ರೆ ಲಂಡನ್ನಿಗೆಲ್ಲ ಕೇಳುತ್ತೆ.”

“ಈಗಲೂ ಕೇಳುತ್ತೆ,” ಅಂದೆ.

ಆಮೇಲೆ ಮೂರು ಚಳಿಗಾಲ ಅಜ್ಜನೂ ಮೊಮ್ಮಗಳೂ ಆ ಒಂದೇ ಕೋವಿಯಲ್ಲಿ ಕಾಡಿಗೆ ಹೋದರು. ಪಟ್ಟಿ ಹಾಕಿದರೆ ಅಜ್ಜನದು, ತೆಗೆದರೆ ಮೊಮ್ಮಗಳದು. ಬೆಳಗಿನ ಕತ್ತಲಲ್ಲಿ ಅವರಿಗೆ ಫ್ಲಾಸ್ಕಿನಲ್ಲಿ ಕಾಫಿ ತುಂಬಿ ಕೊಡುತ್ತಿದ್ದೆ. ಇಬ್ಬರೂ ಬೂಟು ಹಾಕಿಕೊಳ್ಳುತ್ತ ಪಿಸುಪಿಸು ಮಾತಾಡಿ ನಗುತ್ತಿದ್ದರು. ನಿದ್ದೆಯಿಂದ ಎಬ್ಬಿಸಿದಿರೆಂದು ಅಳಿಯನಿಗೆ ನನ್ನ ಮೇಲೆ ಸಿಟ್ಟು. ಈಗ ಆ ಹೊತ್ತಿಗೆ ಎಚ್ಚರವಾಗುತ್ತದೆ, ಮನೆ ಸುಮ್ಮನೆ ಇರುತ್ತದೆ.

ಆದರೆ ನಾನು ಹೇಳುತ್ತಿದ್ದದ್ದು ಆ ದಿನದ ವಿಷಯ. ಮಾರನೆಯ ಬೆಳಿಗ್ಗೆ ನಾನು ತಿಂಡಿಯನ್ನೂ ತಿನ್ನದೆ ಟ್ಯೂಬ್ ರೈಲು ಹತ್ತಿ ಸ್ಟ್ಯಾನ್ಮೋರಿಗೆ ಹೋದೆ. ಅಣ್ಣ ಬಾಗಿಲು ತೆಗೆದು, ಏನು ಇಷ್ಟು ಬೇಗ ಅಂದ. ಕೋಟು ಹಾಕಿಕೋ ಅಂದೆ. ತೋಳು ತೂರಿಸಲು ಆಗದೆ ಒದ್ದಾಡಿದ, ನಾನೇ ಹಾಕಿದೆ. ಅವನ ಜಿಪಿ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ ಕೂರಿಸಿ, ಒಳಗೂ ಜೊತೆಗೇ ಹೋದೆ. ಡಾಕ್ಟರಮ್ಮ ಎಷ್ಟು ದಿನದಿಂದ ನೋವು ಎಂದು ಕೇಳಿದಳು. ಅಣ್ಣ, ಟೂ ವೀಕ್ಸ್ ಅಂದ.

“ವೀಕ್ ಅಲ್ಲ,” ಅಂದೆ ನಾನು. “ಇಯರ್.”