ಸೋರದ ಮಾಳಿಗೆ

ನಮ್ಮ ಮನೆಯ ಮಾಳಿಗೆ ತಾನಾಗಿ ಸೋರಲಿಲ್ಲ. ಸೋರಿಸಿದವಳು ನಾನು. ಹತ್ತು ಮಳೆಗಾಲ ಈ ಮಾತನ್ನು ಹೊಟ್ಟೆಯಲ್ಲಿಟ್ಟುಕೊಂಡು, ನೆತ್ತಿಯ ಮೇಲೆ ಕೆಂಪು ಹಂಚು ಹೊದಿಸಿಕೊಂಡು, ಓಣಿಯಲ್ಲಿ ತಲೆಯೆತ್ತಿ ಓಡಾಡಿದ್ದೇನೆ. ದಾಂಡೇಲಿಯ ನಮ್ಮ ಓಣಿಯವರಿಗೆ, ನವಲಗುಂದದ ಕಡೆಯ ನಮ್ಮ ಬಳಗಕ್ಕೆ, ನನ್ನ ಗಂಡ ಶಿವಪ್ಪನವರ ಕೆಲಸ ನೋಡಿ ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕವರೆಲ್ಲರಿಗೂ ಮುಟ್ಟಲಿ ಎಂದೇ ಬರೆಯುತ್ತಿದ್ದೇನೆ. ನಾನು ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾದವಳು. ಕಲಿತ ಅಕ್ಷರ ಇಂಥದಕ್ಕಾದರೂ ಬರಲಿ.

ಕಾಗದದ ಕಾರ್ಖಾನೆಯಲ್ಲಿ ನಮ್ಮವರಿಗೆ ಕೆಲಸ ಸಿಕ್ಕಿ ನಾವು ದಾಂಡೇಲಿಗೆ ಬಂದ ಹೊಸತು. ಬಿದಿರು ತಟ್ಟಿಯ ಒಂದು ಖೋಲಿಯಲ್ಲಿ ಬಾಡಿಗೆಗಿದ್ದೆವು. ಅಷ್ಟರಲ್ಲಿ ಒಂದು ಹಳೇ ಮನೆ ಸಿಕ್ಕಿತು, ಕಟ್ಟಿಗೆ ವ್ಯಾಪಾರದವರೊಬ್ಬರು ಬಿಟ್ಟು ಹೋದದ್ದು. ಮನೆ ಎಂದರೆ — ನಾಲ್ಕು ಗೋಡೆ, ಒಂದು ಗಟ್ಟಿ ಬಾಗಿಲು, ಮೇಲೆ ಆಕಾಶ. ನಾಡಹಂಚಿನ ಹಳೇ ಮಾಡು ಪೂರಾ ಒಳಗೆ ಕುಸಿದಿತ್ತು, ಪಡಸಾಲೆಯಲ್ಲಿ ಮುಳ್ಳುಗಿಡ ಬೆಳೆದಿತ್ತು. ಮಾಡೇ ಇಲ್ಲದ ಆ ಮನೆಗೆ ದಿನಾ ಸಂಜೆ ಬೀಗ ಹಾಕಿ, ಕೀಲಿಕೈ ಸೆರಗಿಗೆ ಕಟ್ಟಿಕೊಂಡು ಬರುತ್ತಿದ್ದೆ. ನಮ್ಮವರು ನಗುತ್ತಿದ್ದರು. ನಗಲಿ, ಮನೆ ನಮ್ಮದಾಗಿತ್ತಲ್ಲ!

ಆ ಬೇಸಿಗೆ ನಾವಿಬ್ಬರೂ ದುಡಿದ ದುಡಿತ ಹೇಳತೀರದು. ಅವರು ಪಾಳಿ ಮುಗಿಸಿ ಬಂದವರೇ ಅಂಗಿ ಕಳಚಿ ಗೋಡೆ ಹತ್ತುತ್ತಿದ್ದರು. ನಾನು ಮುಳ್ಳುಗಿಡ ಕಿತ್ತೆ, ನೆಲ ಬಡಿದೆ, ಸಗಣಿ ಸಾರಿಸಿದೆ, ಬಾಗಿಲಿಗೆ ಎಣ್ಣೆ ಒರೆಸಿ ಒರೆಸಿ ಅದರೊಳಗಿನ ಬಣ್ಣ ಹೊರಗೆ ತಂದೆ. ಎಲ್ಲದರಲ್ಲೂ ನಮ್ಮಿಬ್ಬರದೂ ಒಂದೇ ಮಾತು. ಮಾಡಿನ ವಿಷಯಕ್ಕೆ ಬಂದಾಗ ಮಾತ್ರ ತಕರಾರು ಶುರುವಾಯಿತು.

ನನಗೆ ಹಂಚು ಬೇಕಿತ್ತು. ಅವರಿಗೆ ನಮ್ಮ ಬಯಲುಸೀಮೆಯ ಮಾಳಿಗೆಯೇ ಆಗಬೇಕು — ತೊಲೆ, ಜಂತಿಗಳ ಮೇಲೆ ಮಣ್ಣು ತುಳಿದು, ಕಟ್ಟಿಗೆಯ ಕೊಡತಿಯಿಂದ ಬಡಿದು ಬಡಿದು ಮಾಡುವ ಸಪಾಟು ಛಾವಣಿ. ಮೇಲಿನ ಪದರಕ್ಕೆ ನೀರು ಕುಡಿಯದ ಬಿಳಿ ಕರಲು ಮಣ್ಣೇ ಬೇಕು. ದಾಂಡೇಲಿಯ ಕೆಂಪು ಮಣ್ಣಿನಲ್ಲಿ ಅದೆಲ್ಲಿ ಸಿಗಬೇಕು? ಧಾರವಾಡದ ಕಡೆ ಕಟ್ಟಿಗೆ ಇಳಿಸಿ ಖಾಲಿ ಬರುವ ಲಾರಿಯವರನ್ನು ಕಾಡಿ ಬೇಡಿ, ಊರಿನ ಮಣ್ಣನ್ನು ಲಾರಿಗಟ್ಟಲೆ ತರಿಸಿದರು. ಪಕ್ಕದ ಮನೆಯ ರುಕ್ಮಾಬಾಯಿ ಜೋಯಿಡಾ ಕಡೆಯವಳು, ಮಳೆ ಎಂದರೇನೆಂದು ಬಲ್ಲವಳು. ಮಣ್ಣಿನ ಗುಡ್ಡೆ ನೋಡಿ ಕೇಳಿಯೇ ಬಿಟ್ಟಳು:

"ಗಂಗವ್ವಾ, ಇಷ್ಟ ಕಾಡ ಬಿಟ್ಟು ನಿನ್ನ ಮಾಲಕರು ಮಣ್ಣ ಯಾಕ ತರಸ್ಯಾರ? ಮಳಿಗಾಲದಾಗ ಮೈಮ್ಯಾಲ ಕೆಡವಿಕೊಳ್ಳಾಕ?"

ಓಣಿಯೆಲ್ಲ ನಕ್ಕಿತು. ನಾನೂ ನಕ್ಕೆ. ಗಂಡನ ಪಕ್ಕದಲ್ಲಿ ನಿಲ್ಲಬೇಕಾದವಳು ಅವರೊಡನೆ ನಿಂತು ನಕ್ಕೆ.

ನಮ್ಮ ಕಡೆ ಒಂದು ರೂಢಿಯುಂಟು. ಮಾಳಿಗೆಯ ಕರಲು ಮಣ್ಣನ್ನು ಮೊದಲು ತುಳಿಯುವವನು ಕೈಗುಣ ಇದ್ದವನಾಗಬೇಕು. ನಮ್ಮ ಮಾವನವರಿಗೆ ಆ ಹೆಸರಿತ್ತು. ಅವರು ತೀರಿಕೊಂಡ ಮೇಲೆ ಊರಿನವರು ಆ ಹೆಸರನ್ನು ಇವರಿಗೆ ಕೊಟ್ಟಿದ್ದರು. ಹಿರಿಯ ಮಗನಿಗೆ ಹೊಲ ಹೋಯಿತು, ಕಿರಿಯವರಾದ ಇವರಿಗೆ ಅಪ್ಪನಿಂದ ಬಂದದ್ದು ಇದೊಂದೇ. ನನಗಿದು ಚೆನ್ನಾಗಿ ಗೊತ್ತಿತ್ತು — ಗೊತ್ತಿದ್ದೂ —

ಮಾಳಿಗೆ ಮುಗಿದಾಗ ಚೆಂದವೇ ಇತ್ತು. ಸುತ್ತ ಗೇಣುದ್ದ ಕಟ್ಟೆ, ಒಂದು ಮೂಲೆಯಲ್ಲಿ ನೀರು ಹೊರಗೆ ಹೋಗಲು ಕಲ್ಲಿನ ಹರನಾಳಿಗೆ. ಮಿರುಗದ ಮೊದಲ ಮಳೆಗಳು ಬಂದು ಹೋದವು. ಒಳಗೆ ಒಂದು ಹನಿ ಬೀಳಲಿಲ್ಲ. ನಮ್ಮವರು ಪಡಸಾಲೆಯ ನಡುವೆ ಅಂಗಾತ ಮಲಗಿ ಜಂತಿ ನೋಡುತ್ತ ಮೀಸೆಯಲ್ಲೇ ನಗುತ್ತಿದ್ದರು. ನನಗೂ ಸಂತೋಷವಾಗಬೇಕಿತ್ತು. ಆಗಲಿಲ್ಲ. ತವರಿನಲ್ಲಿ ಮಾಳಿಗೆಯಿಂದ ರೊಟ್ಟಿಯ ಮೇಲೆ ಉದುರುತ್ತಿದ್ದ ಮಣ್ಣು ನೆನಪಾಯಿತು, ಕಾರ್ಖಾನೆಯ ಸಾಹೇಬರ ಬಂಗಲೆಗಳ ಕೆಂಪು ಹಂಚು ಕಣ್ಣಿಗೆ ಕಟ್ಟಿತು. ನಾಳೆ ಮಕ್ಕಳಾದರೆ ಥಂಡಿಯಾದೀತು, ಗೋಡೆ ಕುಸಿದೀತು ಎಂದೆಲ್ಲ ಹೇಳಿಕೊಳ್ಳಬಹುದು. ಸುಳ್ಳು. ನನಗೆ ಜಂಬ ಬೇಕಾಗಿತ್ತು, ಅಷ್ಟೇ.

ಆರಿದ್ರಾ ಮಳೆ ಹಿಡಿದುಕೊಂಡ ಒಂದು ದಿನ. ಅವರು ಬೆಳಗಿನ ಪಾಳಿಗೆ ಹೋದರು. ನಾನು ಏಣಿ ಹಚ್ಚಿ ಮೇಲೆ ಹತ್ತಿದೆ. ಕೈಯಲ್ಲಿ ಹಳೇ ಕೌದಿಯ ಒಂದು ತುಂಡು. ಹರನಾಳಿಗೆಯ ಬಾಯಿಗೆ ಅದನ್ನು ತುರುಕಿ, ಹಿಮ್ಮಡಿಯಿಂದ ಒತ್ತಿ, ಇಳಿದು ಬಂದು ರೊಟ್ಟಿ ಬಡಿಯಲು ಕೂತೆ. ಒಂದು ರೊಟ್ಟಿಯೂ ಹರಿಯಲಿಲ್ಲ.

ಹೊತ್ತು ನೆತ್ತಿಗೆ ಬರುವಷ್ಟರಲ್ಲಿ ಮೇಲೆ ಕೆರೆ ನಿಂತಿತ್ತು. ಜಂತಿಯ ಸಂದಿಯಿಂದ ಮೊದಲು ಒಂದು ಹನಿ, ಆಮೇಲೆ ಧಾರೆ, ಆಮೇಲೆ ಹೆಂಟೆಹೆಂಟೆಯಾಗಿ ಮಣ್ಣು. ಓಡಿ ಹೋಗಿ ಕೌದಿ ಕಿತ್ತು, ನೀರು ಹರಿದು ಹೋಗಲು ಬಿಟ್ಟು, ಆ ಚಿಂದಿಯನ್ನು ಒಲೆಗೆ ಹಾಕಿದೆ. ಒದ್ದೆ ಬಟ್ಟೆ, ಬೇಗ ಉರಿಯಲಿಲ್ಲ.

ಅವರು ಪಾಳಿಯಿಂದ ಬಂದು ಬಾಗಿಲಲ್ಲೇ ನಿಂತರು. ಪಡಸಾಲೆಯ ನಡುವೆ ಕೆಸರಿನ ಗುಪ್ಪೆ. ಮೇಲೆ ಹತ್ತಿ, ಮಳೆಯಲ್ಲೇ ಕೂತು, ಅಂಗುಲ ಅಂಗುಲ ತಡವಿ ನೋಡಿದರು. ಹರನಾಳಿಗೆಯಲ್ಲಿ ಕೈ ಹಾಕಿದರು, ಖಾಲಿ. ಮೇಲಿನ ಪದರದಲ್ಲಿ ಬಿರುಕಿಲ್ಲ, ತಗ್ಗಿಲ್ಲ. ಕೆಳಗಿಳಿದು ತಮ್ಮ ಅಂಗೈ ನೋಡಿಕೊಂಡು ಹೇಳಿದರು:

"ಮಣ್ಣ ಬರೋಬರಿ ಐತಿ. ನನ್ನ ಕೈನ ಸುಳ್ಳಾತು."

ಆಗಲಾದರೂ ಬಾಯಿ ಬಿಡಬಹುದಿತ್ತು. ನಾನು ಹೇಳಿದ್ದು ಇಷ್ಟು: "ಹೋಗ್ಲಿ ಬಿಡ್ರಿ. ಹಂಚ ಹಾಕಸೂಣು."

ಹಾಕಿಸಿದೆವು. ಖಾನಾಪುರದ ಹಂಚು ಜೋಯಿಡಾ ಕಡೆಯ ರಾಮನಗರದ ಹಾದಿಯಿಂದ ಬಂತು. ದೀಪಾವಳಿಗೆ ನಮ್ಮ ಮನೆ ಓಣಿಗೇ ಹೊಸ ಕಳೆ ತಂದಿತು. "ಲಯ್ ಚಾಂಗ್ಲ ಘರ ಆತ ಗಂಗವ್ವಾ," ಬಹಳ ಚೆಂದದ ಮನೆಯಾಯಿತು ಎಂದು ರುಕ್ಮಾಬಾಯಿ ತನ್ನ ಬೆರಕೆ ಮಾತಿನಲ್ಲಿ ಹೊಗಳಿ, ಬಂದವರಿಗೆಲ್ಲ ತೋರಿಸಿದಳು. ನಾನು ಹಿಗ್ಗಿ ಹೀರೇಕಾಯಿಯಾದೆ. ನಿಜ ಹೇಳುತ್ತೇನೆ, ಆ ಹಿಗ್ಗು ಸುಳ್ಳಲ್ಲ. ಈಗಲೂ ಆ ಹಂಚಿನ ಮೇಲೆ ಬಿಸಿಲು ಬಿದ್ದರೆ ನೋಡುತ್ತ ನಿಲ್ಲುತ್ತೇನೆ.

ಮಾರನೆಯ ಬೇಸಿಗೆ ಊರಿನಿಂದ ನಮ್ಮ ಭಾವನವರು ಬಂದರು, ಇವರ ಅಣ್ಣ. ಅಪ್ಪನ ಮನೆಯ ಮಾಳಿಗೆ ಬಿಚ್ಚಿ ಹೊಸದಾಗಿ ಹಾಕಬೇಕು, ಮೊದಲ ಹೆಜ್ಜೆ ತಮ್ಮನೇ ತುಳಿಯಬೇಕು ಎಂದು ಕರೆಯಲು ಬಂದವರು. ಇವರು ತಲೆ ಎತ್ತಲಿಲ್ಲ.

"ಬ್ಯಾರೆಯವರನ್ನ ಕರಕೋ ಅಣ್ಣಾ. ನನ್ನ ಕೈಗುಣ ಹೋಗೇತಿ."

ಭಾವನವರು ಮಾಡಿನ ಹಂಚು ನೋಡಿದರು, ತಮ್ಮನ ಮುಖ ನೋಡಿದರು, ಟೋಪಿ ಹಾಕಿಕೊಂಡರು. ನಾನು ಅಡುಗೆಮನೆಯ ಬಾಗಿಲಲ್ಲಿ ತಾಟು ಹಿಡಿದು ನಿಂತಿದ್ದೆ. ಊರಿನಲ್ಲಿ ಯಾರೋ ಕೂಲಿಯವರು ಆ ಮಣ್ಣು ತುಳಿದರು. ಮುಂದೆ ಭಾವನವರೂ ತೀರಿಕೊಂಡರು. ಅವರ ಮುಂದೆ ಈ ಮಾತು ಹೇಳುವ ದಾರಿ ನನಗಿನ್ನಿಲ್ಲ — ಅದು ಹಾಗೇ ಉಳಿಯಿತು.

ಕೊನೆಗೆ ನನ್ನ ಬಾಯಿ ಬಿಡಿಸಿದ್ದು ಮಂಗಗಳು. ಹಂಚಿನ ಮೇಲೆ ಹಿಂಡು ಕುಣಿದು ಹೋದ ಮೇಲೆ ಇವರು ಪ್ರತಿ ವರ್ಷ ಒಡೆದದ್ದನ್ನು ಬದಲಿಸಬೇಕು. ಮೊನ್ನೆ ಮೊನ್ನೆಯ ಒಂದು ಬೇಸಿಗೆ, ನಾನು ಕೆಳಗೆ ಏಣಿ ಹಿಡಿದಿದ್ದೆ. ಮೇಲಿನಿಂದ ಇವರು, "ಮ್ಯಾಳಿಗಿ ಇದ್ದಿದ್ರ ಮಂಗ್ಯಾ ಲಗ್ನಾ ಮಾಡಿಕೊಂಡ್ರೂ ಏನ್ ಆಗ್ತಿದ್ದಿಲ್ಲ," ಎಂದು ನಕ್ಕು, ಆಮೇಲೆ ಸಣ್ಣ ದನಿಯಲ್ಲಿ, "ಏನ್ ಮಾಡೂದು, ನನ್ನ ಕೈ..." ಎಂದರು.

"ನಿಮ್ಮ ಕೈ ಅಲ್ರೀ," ಎಂದೆ. "ಹರನಾಳಿಗಿಗೆ ನಾ ಕೌದಿ ತುರಕಿದ್ನಿ."

ಇವರು ಕೈಯಲ್ಲಿದ್ದ ಹಂಚನ್ನು ಅಲ್ಲೇ ಇಟ್ಟು ಏಣಿಯ ಮೇಲಿನ ಮೆಟ್ಟಿಲಿಗೆ ಇಳಿದರು. ಆಮೇಲೆ ಒಂದೇ ಪ್ರಶ್ನೆ: "ಎಷ್ಟೊತ್ತು ನಿಂತಿತ್ತು ನೀರು?"

"ಮಧ್ಯಾಹ್ನದ ತನಕಾರಿ."

"ಮಧ್ಯಾಹ್ನದ ತನಕಾ!" ಏಣಿಯ ಮೇಲೇ ನಿಂತು ಕೂಗಿದರು. "ಅಲ್ಲೀ ತನಕಾ ತಡೀತೇನು? ಅಷ್ಟ ನೀರ ತಡೀತೇನು ನನ್ನ ಮ್ಯಾಳಿಗಿ?"

ಆ ಮುಖದ ಬೆಳಕನ್ನು ನಾನು ಹತ್ತು ವರ್ಷ ಕದ್ದಿಟ್ಟುಕೊಂಡಿದ್ದೆ ಎಂದು ಆಗ ತಿಳಿಯಿತು. ಇಳಿದು ಬಂದವರು ನನ್ನನ್ನು ನೋಡಿದರು, ಬೆಳಕು ಆರಿತು. ಬೈಯಲಿಲ್ಲ. ಎಷ್ಟೋ ದಿನ ನನ್ನ ಕೂಡ ಮಾತೂ ಆಡಲಿಲ್ಲ. ಉಣ್ಣಲು ಬಡಿಸಿದರೆ ಉಣ್ಣುವರು, ಎದ್ದು ಹೋಗುವರು.

ಒಂದು ದಿನ ಮನೆಯ ಮುಂದೆ ಲಾರಿ ನಿಂತಿತು. ಬಿಳಿ ಕರಲು ಮಣ್ಣು! ಹಿತ್ತಿಲ ಬಚ್ಚಲುಮನೆಯ ತಗಡು ಕಿತ್ತೆಸೆದು, ತೊಲೆ ಹಾಕಿ, ಮಣ್ಣು ಕಲಸಿದರು. ಧೋತರ ಎತ್ತಿ ಕಟ್ಟಿ ಮೊದಲ ಹೆಜ್ಜೆ ತುಳಿದರು. ನಾನು ನೀರು ಹೊತ್ತು ಹಾಕಿದೆ, ಬೇಡ ಅನ್ನಲಿಲ್ಲ. ಕೊಡತಿಯ ಸದ್ದಿಗೆ ಓಣಿಯವರೆಲ್ಲ ಬೇಲಿಯಾಚೆ ನಿಂತು ನೋಡಿದರು. ಈ ಸಲ ನಾನು ನಗುವವರ ಕಡೆ ನಿಲ್ಲಲಿಲ್ಲ.

ಆರಿದ್ರಾ ಬಂತು. ಹಗಲೂ ರಾತ್ರಿ ಹೊಯ್ದ ಮಳೆ, ಕಾಳಿ ನದಿ ಕೆಂಪಗೆ ತುಂಬಿ ಹರಿಯಿತು. ಮೂರನೆಯ ದಿನ ಇವರು ನನ್ನನ್ನೂ ರುಕ್ಮಾಬಾಯಿಯನ್ನೂ ಬಚ್ಚಲಿಗೆ ಕರೆದು, ಮಳೆಗೆ ಮೊದಲೇ ಕೆಳಗೆ ಹರಡಿಟ್ಟಿದ್ದ ಒಣ ಬೂದಿ ತೋರಿಸಿದರು. ಬೂದಿಯ ಮೇಲೆ ಒಂದು ಹನಿಯ ಗುರುತಿರಲಿಲ್ಲ. ಮೇಲೆ ಹರನಾಳಿಗೆ ಭೋರ್ಗರೆಯುತ್ತಿತ್ತು. ರುಕ್ಮಾಬಾಯಿ ಜಂತಿ ಮುಟ್ಟಿ ನೋಡಿ, "ಕೋರಡ, ಏಕದಂ ಕೋರಡ!" ಎಂದು ತನ್ನ ಭಾಷೆಯಲ್ಲಿ ಕೂಗಿದಳು — ಒಣಗಿದೆ, ಪೂರಾ ಒಣಗಿದೆ ಎಂದು. ಇವರು ಎದೆಯುಬ್ಬಿಸಿ ಆ ಬಚ್ಚಲಲ್ಲಿ ನಿಂತ ನಿಲುವು — ನಾನು ಸೋತಿದ್ದೆ, ಸೋತು ಕುಣಿಯಬೇಕೆನಿಸಿತು, ಅಳುವೂ ಬಂತು.

"ಹಾಂಗಾರ ಆವತ್ತ ಯಾಕ ಸೋರ್ತು?" ಎಂದು ರುಕ್ಮಾಬಾಯಿ ಕೇಳಿದಳು.

ಇವರು ನನ್ನ ಕಡೆ ನೋಡಿದರು. ಹೇಳುವ ಕೆಲಸ ನನಗೇ ಬಿಟ್ಟರು.

ಅಲ್ಲೇ, ಬೂದಿಯ ಪಕ್ಕದಲ್ಲೇ ಹೇಳಿದೆ. ಈಗ ನಿಮಗೆಲ್ಲ ಹೇಳಿದ್ದೇನೆ. ಬರುವ ಬೇಸಿಗೆ ಊರಿಗೆ ಹೋಗಿ, ಭಾವನವರ ಮಕ್ಕಳನ್ನು ಕೂರಿಸಿಕೊಂಡು, ಅವರ ಅಜ್ಜನ ಕೈಗುಣ ಅವರ ಕಾಕಾನಲ್ಲಿ ಇನ್ನೂ ಇದೆ, ನಡುವೆ ಅದನ್ನು ಮುಚ್ಚಿಟ್ಟವಳು ನಾನು ಎಂದು ಬಾಯಿಬಿಟ್ಟು ಹೇಳುವವಳಿದ್ದೇನೆ.